ಕಲಬುರಗಿ ಸೀಮೆಯ ಔಷಧದಂಗಡಿಗಳು: ಕಟ್ಟಡ ಮತ್ತು ಬಂಡವಾಳದ ಪ್ರಶ್ನೆ

ಔಷಧದಂಗಡಿಯೆಂದರೆ ಗುಳಿಗೆಗಳನ್ನು ತರಿಸಿ ಮಾರುವ ಸ್ಥಳವೆಂದಷ್ಟೇ ತಿಳಿಯುವುದು ವಾಡಿಕೆ. ಆದರೆ ಕಾರ್ಖಾನೆಯಿಂದ ಹೊರಟ ಔಷಧವು ರೋಗಿಯ ಕೈಸೇರುವ ಮುನ್ನ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಂಗುವುದು ಅಂಗಡಿಯ ಕಪಾಟಿನಲ್ಲಿಯೇ. ಆದುದರಿಂದ ಅಂಗಡಿಯ ಮಾಡು, ಗೋಡೆ, ನೆಲಗಳ ಸ್ಥಿತಿಯು ವ್ಯಾಪಾರಿಯ ಅನುಕೂಲಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಔಷಧದ ಗುಣಕ್ಕೂ ಸಂಬಂಧಿಸಿದುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಈ ಅಂಶಕ್ಕೆ ವಿಶೇಷ ಮಹತ್ವವಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಇಲ್ಲಿ ಪ್ರತಿವರ್ಷದ ಅನುಭವ.

ಕಾನೂನು ಏನನ್ನು ಅಪೇಕ್ಷಿಸುತ್ತದೆಂಬುದನ್ನು ಮೊದಲು ನೋಡೋಣ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಅಧಿನಿಯಮದ ಮೇರೆಗೆ ರಚಿತವಾದ 1945ರ ನಿಯಮಗಳಂತೆ, ಚಿಲ್ಲರೆ ಮಾರಾಟದ ಅಂಗಡಿಗೆ ಕನಿಷ್ಠ 10 ಚದರ ಮೀಟರ್, ಸಗಟು ವ್ಯಾಪಾರಕ್ಕೂ ಅಷ್ಟೇ, ಎರಡನ್ನೂ ಒಟ್ಟಿಗೆ ನಡೆಸುವುದಾದರೆ 15 ಚದರ ಮೀಟರ್ ಸ್ಥಳವಿರಬೇಕು. ‘ಫಾರ್ಮಸಿ’ ಎಂಬ ಹೆಸರಿನಿಂದ ನಡೆಯುವ ಔಷಧಾಲಯವಾದರೆ ನೆಲವು ನುಣುಪಾಗಿದ್ದು ತೊಳೆಯಲು ಬರುವಂತಿರಬೇಕು; ಮಾಡಿನ ಎತ್ತರ ಎರಡೂವರೆ ಮೀಟರಿಗೆ ಕಡಮೆಯಿರಬಾರದು; ಗೋಡೆಗೆ ಗಿಲಾವು, ಹೆಂಚು ಅಥವಾ ಎಣ್ಣೆಬಣ್ಣ ಇರಬೇಕು. ಔಷಧಗಳ ಗುಣ ಕೆಡದಂತೆ ಇಡುವ ತಕ್ಕ ಏರ್ಪಾಡು ಇರಬೇಕೆಂದೂ ನಿಯಮವು ಹೇಳುತ್ತದೆ. ಆದರೆ ಸ್ಥಳವನ್ನು ಅಳತೆಪಟ್ಟಿಯಿಂದ ಒಮ್ಮೆ ಅಳೆದರೆ ಮುಗಿಯಿತು. ಶಾಖವಾದರೋ ಗಂಟೆಗಂಟೆಗೂ ಬದಲಾಗುತ್ತದೆ. ಪರಿಶೀಲನೆಯ ದಿನ ಜನವರಿಯಲ್ಲಿ ಬಂದಿತೆಂದರೆ ಮೇ ತಿಂಗಳ ಸಂಗತಿ ಯಾವ ವರದಿಯಲ್ಲಿಯೂ ಕಾಣಿಸದು.

ಇಲ್ಲಿ ಕಲ್ಲಿನ ವಿಚಾರವನ್ನು ಹೇಳದೆ ಮುಂದುವರಿಯುವಂತಿಲ್ಲ. ಶಹಾಬಾದಿನ ಹಾಸುಗಲ್ಲು, ಅಂದರೆ ಫರಸಿ, ಈ ಸೀಮೆಯ ಹೆಮ್ಮೆ. ಅದನ್ನು ನೆಲಕ್ಕೆ ಹಾಸಿದಲ್ಲಿ ನುಣುಪಾದ, ತೊಳೆಯಬಲ್ಲ ನೆಲವೆಂಬ ನಿಯಮವು ಅಲ್ಪ ವೆಚ್ಚದಲ್ಲಿಯೇ ನೆರವೇರುತ್ತದೆ. ಅದೇ ಕಲ್ಲನ್ನು ಮಾಡಿಗೆ ಹೊದಿಸಿದಾಗ ಮಾತು ಬೇರೆಯಾಗುತ್ತದೆ. ಹಗಲೆಲ್ಲ ಬಿಸಿಲನ್ನು ಹೀರಿದ ಚಪ್ಪಡಿಯು ರಾತ್ರಿ ಅದನ್ನು ಕೋಣೆಯೊಳಕ್ಕೆ ಬಿಡುತ್ತದೆ. ಅಷ್ಟರಲ್ಲಿ ಅಂಗಡಿಕಾರನು ಪಂಖವನ್ನು ನಿಲ್ಲಿಸಿ, ಕಬ್ಬಿಣದ ಶಟರನ್ನೆಳೆದು ಮನೆಗೆ ಹೋಗಿರುತ್ತಾನೆ. ಹೀಗಾಗಿ ಯಾರೂ ನೋಡದಿರುವ ಹೊತ್ತಿನಲ್ಲಿಯೂ ಔಷಧವು ಕಾಯುತ್ತಲೇ ಇರುತ್ತದೆ.

ಇದರ ಪರಿಣಾಮವು ಕೆಲವು ಔಷಧಗಳಲ್ಲಿ ಕಣ್ಣಿಗೆ ಕಾಣುತ್ತದೆ: ಕ್ಯಾಪ್ಸೂಲುಗಳು ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ, ಮುಲಾಮುಗಳು ಒಡೆಯುತ್ತವೆ. ಇವುಗಳಿಂದ ಅಪಾಯ ಕಡಮೆ, ಏಕೆಂದರೆ ಗಿರಾಕಿಯೇ ಹಿಂದಿರುಗಿಸುತ್ತಾನೆ. ಕಾಣದಂತೆ ಕೆಡುವ ಔಷಧಗಳೇ ಹೆಚ್ಚು ಆತಂಕಕಾರಿ. ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿಗಳ ನಡುವೆ ಇಡಬೇಕು; ಶಾಖ ತಗಲಿದರೆ ಅದರ ಶಕ್ತಿ ಕುಂದುತ್ತದೆ, ಹೆಪ್ಪುಗಟ್ಟಿದರೂ ನಿರುಪಯೋಗಿಯಾಗುತ್ತದೆ. ಶಕ್ತಿ ಕುಂದಿದ ಸೀಸೆಯು ನೋಡುವುದಕ್ಕೆ ಮೊದಲಿನಂತೆಯೇ ಇರಬಹುದು. ರೋಗಿಯ ಸಕ್ಕರೆ ಇಳಿಯುವುದಿಲ್ಲ. ವೈದ್ಯರು ಪ್ರಮಾಣವನ್ನು ಹೆಚ್ಚಿಸುತ್ತಾರೆ. ಮುಂದಿನ ಸೀಸೆ ಸರಿಯಾದುದು ಸಿಕ್ಕಿದಾಗ ಆ ಹೆಚ್ಚಿದ ಪ್ರಮಾಣವೇ ರೋಗಿಗೆ ಮುಳುವಾಗಬಹುದು.

ಸುಧಾರಣೆಯೆಂದೊಡನೆ ಗಾಜಿನ ಮುಂಭಾಗ, ಹೊಳೆಯುವ ಫಲಕ, ಹೊಸ ಕಪಾಟುಗಳನ್ನು ಎಣಿಸುವವರೇ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಮೊದಲು ಬರಬೇಕಾದುದು ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣತೆಗಳನ್ನು ತೋರಿಸುವ ಒಂದು ತಾಪಮಾಪಕ ಮತ್ತು ಅದನ್ನು ಪ್ರತಿದಿನ ಬರೆದಿಡುವ ಒಂದು ವಹಿ. ಬಳಿಕ ಮಾಳಿಗೆಗೆ ಬಿಳಿಯ ಲೇಪ, ಒಳಮಾಡು, ಪಡುವಣ ಗೋಡೆಯಿಂದ ದೂರವಿರಿಸಿದ ಕಪಾಟುಗಳು, ವಿದ್ಯುತ್ತು ಹೋದಾಗಲೂ ಫ್ರಿಜ್ ನಡೆಯುವಂತೆ ಬ್ಯಾಟರಿಯ ವ್ಯವಸ್ಥೆ. ಗಾಜಿನ ಮುಂಭಾಗವಂತೂ ಬಿಸಿಲನ್ನು ಒಳಕ್ಕೆ ಕರೆದು ಕೂಡಿಸುವ ಸಾಧನ.

ಇನ್ನು ಹಣದ ಮಾತು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಸಣ್ಣ ವ್ಯಾಪಾರಿಗೆ ಅಡವಿಲ್ಲದೆ ಸಾಲ ದೊರೆಯುತ್ತದೆ: ಶಿಶು ವರ್ಗದಲ್ಲಿ 50,000 ರೂಪಾಯಿಗಳವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ, ತರುಣದಲ್ಲಿ 10 ಲಕ್ಷದವರೆಗೆ. ಆದರೆ ಅಂಗಡಿಕಾರನು ಬಾಡಿಗೆದಾರನಾಗಿದ್ದಲ್ಲಿ ತಾನು ಸಾಲ ಮಾಡಿ ಮತ್ತೊಬ್ಬರ ಮಾಳಿಗೆಯನ್ನು ಏಕೆ ದುರಸ್ತಿ ಮಾಡಿಸಬೇಕು? ಆ ಹಣ ಸಹಜವಾಗಿಯೇ ಸರಕಿಗೆ ಹೋಗುತ್ತದೆ. ಬಾಡಿಗೆಯ ಕರಾರಿನಲ್ಲಿ ದುರಸ್ತಿಯ ವೆಚ್ಚವನ್ನು ಬಾಡಿಗೆಯಿಂದ ಕಳೆಯುವ ಷರತ್ತಿಲ್ಲದ ಹೊರತು ಈ ತೊಡಕು ಬಿಡುವುದಿಲ್ಲ.

2008ರಲ್ಲಿ ಪ್ರಾರಂಭವಾದ ಜನೌಷಧಿ ಯೋಜನೆಯು ಇಂದು ಪ್ರಧಾನಮಂತ್ರಿ ಭಾರತೀಯ ಜನೌಷಧಿ ಪರಿಯೋಜನೆಯಾಗಿದೆ. ಅದರಲ್ಲಿ ಪೀಠೋಪಕರಣ ಮತ್ತು ಗಣಕಯಂತ್ರಕ್ಕೆಂದು 2 ಲಕ್ಷ ರೂಪಾಯಿಗಳ ವಿಶೇಷ ಸಹಾಯವುಂಟು. ಮಹಿಳೆಯರು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಎಲ್ಲಿದ್ದರೂ ಇದಕ್ಕೆ ಅರ್ಹರು. ಉಳಿದವರ ಅರ್ಹತೆಯು ಬಹುಮಟ್ಟಿಗೆ ಊರನ್ನು ಅವಲಂಬಿಸಿದೆ. 2018ರಲ್ಲಿ ಗುರುತಿಸಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಸೇರಿದವು ರಾಯಚೂರು ಮತ್ತು ಯಾದಗಿರಿ. ಯಾದಗಿರಿಯು ಮೊದಲು ಗುಲಬರ್ಗಾ ಜಿಲ್ಲೆಯ ಭಾಗವೇ ಆಗಿದ್ದು 2010ರ ಹೊತ್ತಿಗೆ ಬೇರೆಯಾಯಿತು. ಚಿತ್ತಾಪುರ, ಸೇಡಂ ತಾಲೂಕುಗಳು ಅದರ ಗಡಿಗೆ ತಾಗಿಕೊಂಡಿದ್ದರೂ ಪಟ್ಟಿಯ ಹೊರಗುಳಿದವು. ಆದರೆ 2002ರ ನಂಜುಂಡಪ್ಪ ಸಮಿತಿಯ ವರದಿಯು ತಾಲೂಕನ್ನೇ ಅಳತೆಗೋಲಾಗಿ ಹಿಡಿದು ಚಿತ್ತಾಪುರ, ಸೇಡಂ, ಚಿಂಚೋಳಿಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ಎಣಿಸಿತ್ತು. ಜಿಲ್ಲೆಯನ್ನು ಅಳತೆಗೋಲಾಗಿ ಹಿಡಿದುದರಿಂದ ಆದ ಈ ಅನ್ಯಾಯವನ್ನು ಸರಿಪಡಿಸುವುದು ಕಷ್ಟವಲ್ಲ.

ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳತ್ತ ನೋಡುವುದು ಸಹಜ. 2013ರ ಕಂಪನಿಗಳ ಅಧಿನಿಯಮದಂತೆ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಅದನ್ನು ಖಾಸಗಿ ವ್ಯಾಪಾರಿಯ ಅಂಗಡಿಗೆ ಕೊಡುವುದು ಸಲ್ಲದು. ಸರಕಾರಿ ಆಸ್ಪತ್ರೆಯ ಆವರಣದಲ್ಲಿನ ಔಷಧಾಲಯದ ಕಟ್ಟಡಕ್ಕೆ ಕೊಡಬಹುದು.

ಚಿಂಚೋಳಿಯ ದೂರದ ಹಳ್ಳಿಗಳಿಗೆ ಮತ್ತೊಂದು ದಾರಿ ಹೆಚ್ಚು ಹೊಂದುವಂತೆ ತೋರುತ್ತದೆ. 2023ರಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೂ ಜನೌಷಧಿ ಕೇಂದ್ರಗಳನ್ನು ತೆರೆಯಲು ಅವಕಾಶ ದೊರೆಯಿತು. ಸ್ವಂತ ಕಟ್ಟಡವುಳ್ಳ ಸಂಘಕ್ಕೆ ಬಾಡಿಗೆದಾರನ ತೊಡಕಿಲ್ಲ. ಮಾಳಿಗೆಗೆ ಹಾಕಿದ ಹಣ ಅದರದೇ ಆಸ್ತಿಯಾಗಿ ಉಳಿಯುತ್ತದೆ. ಆದರೆ ಇಂತಹ ಕಟ್ಟಡಗಳನ್ನು ಬಹುಮಟ್ಟಿಗೆ ಗೊಬ್ಬರದ ಗೋದಾಮುಗಳಾಗಿ ಕಟ್ಟಲಾಗಿದೆ. ಗೊಬ್ಬರ, ಕೀಟನಾಶಕಗಳಿರುವ ಭಾಗದಿಂದ ಔಷಧದ ಕೋಣೆಯನ್ನು ಮಾಡಿನವರೆಗೂ ಗೋಡೆಯೆತ್ತಿ ಬೇರ್ಪಡಿಸಿ, ಅದಕ್ಕೆ ಬೇರೆಯೇ ಬಾಗಿಲನ್ನಿರಿಸಿದ ಮೇಲೆಯೇ ಪರವಾನಗಿಗೆ ಅರ್ಜಿ ಹಾಕುವುದು ಯುಕ್ತ.