ಮಂಗಳನ ಧೂಳಿಗೆ ಫೋಟೊ ಇದೆ, ರೋಣದ ಧೂಳಿಗೆ ಲೆಕ್ಕ ಎಲ್ಲಿದೆ?

2014ರ ಸೆಪ್ಟೆಂಬರ್ 24ರಂದು ಇಸ್ರೋದ ಮಂಗಳಯಾನ ಮಂಗಳ ಗ್ರಹದ ಕಕ್ಷೆ ಸೇರಿತು. ನಾಲ್ಕೇ ದಿನಕ್ಕೆ, 74,500 ಕಿ.ಮೀ. ಎತ್ತರದಿಂದ ಅದು ತೆಗೆದ ಚಿತ್ರವೊಂದರಲ್ಲಿ ಆ ಗ್ರಹದ ಉತ್ತರಾರ್ಧದಲ್ಲಿ ಎದ್ದಿದ್ದ ಧೂಳಿನ ಬಿರುಗಾಳಿ ಕಾಣುತ್ತಿತ್ತು. ಕೋಟಿಗಟ್ಟಲೆ ಕಿಲೋಮೀಟರ್ ದೂರದ ಧೂಳನ್ನು ನಾವು ಬೆಂಗಳೂರಿನಲ್ಲಿ ಕೂತು ನೋಡಿ, ಶೇರ್ ಮಾಡಿ ಖುಷಿಪಟ್ಟೆವು. ಪಡಲೇಬೇಕಾದ ಖುಷಿ ಅದು.

ಅದೇ ಬೆಂಗಳೂರಿನಿಂದ ನಾನೂರು ಚಿಲ್ಲರೆ ಕಿ.ಮೀ. ದೂರದಲ್ಲಿ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಇವೆ. ಏಪ್ರಿಲ್-ಮೇ ತಿಂಗಳ ಇಳಿಹೊತ್ತಿನಲ್ಲಿ ಆ ಸೀಮೆಯಲ್ಲಿ ಬೈಕ್ ಮೇಲೆ ಹೋದವರಿಗೆ ಗೊತ್ತಿರತ್ತೆ: ಬಯಲಿನ ಅಂಚು ಮೊದಲು ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ರಸ್ತೆ ಮಾಯ. ಮನೆಯೊಳಗೆ ಮುಚ್ಚಿಟ್ಟ ಹಿಟ್ಟಿನ ಡಬ್ಬಿಯ ಮೇಲೂ ಒಂದು ಪದರ ಮಣ್ಣು. ಹೆಚ್ಚಿನವರ ಲೆಕ್ಕದಲ್ಲಿ ಇದು ಬರೀ ಹವಾಮಾನ, ‘ಬ್ಯಾಸಗಿ ಐತಿ, ಧೂಳಿ ಏಳ್ತೈತಿ’ ಅಂತ. ಆದರೆ ಧೂಳು ಏಳೋದರಲ್ಲಿ ಹವಾಮಾನದ ಪಾಲೆಷ್ಟು, ನಮ್ಮ ಪಾಲೆಷ್ಟು ಅಂತ ಬಿಡಿಸಿ ನೋಡಿದರೆ ಇದು ನೀರಿನಷ್ಟೇ ರಾಜಕೀಯದ ವಿಷಯ.

ಧೂಳು ಏಳೋದು ಹೇಗೆ?

ಇದಕ್ಕೆ ಮೊದಲ ಗಟ್ಟಿ ಲೆಕ್ಕ ಕೊಟ್ಟವರು ರಾಲ್ಫ್ ಬ್ಯಾಗ್ನಾಲ್ಡ್. ಬ್ರಿಟಿಷ್ ಸೇನೆಯ ಈ ಎಂಜಿನಿಯರ್ ಲಿಬಿಯಾದ ಮರುಭೂಮಿಯಲ್ಲಿ ಫೋರ್ಡ್ ಕಾರು ಓಡಿಸಿಕೊಂಡು ತಿರುಗಿ, ಆಮೇಲೆ ಗಾಳಿ ಸುರಂಗದಲ್ಲಿ ಪ್ರಯೋಗ ಮಾಡಿ 1941ರಲ್ಲಿ ಪುಸ್ತಕ ಬರೆದರು. ಅವರು ತೋರಿಸಿದ್ದು ಇಷ್ಟು: ಗಾಳಿಗೆ ದಪ್ಪ ಕಾಳು ನೆಲದ ಮೇಲೆ ಉರುಳುತ್ತದೆ. ಮಧ್ಯಮ ಗಾತ್ರದ ಮರಳುಕಾಳು ಕುಪ್ಪಳಿಸುತ್ತಾ ಹೋಗುತ್ತದೆ. ತೀರಾ ಸಣ್ಣ ಕಣ ಗಾಳಿಯಲ್ಲಿ ತೇಲುತ್ತದೆ.

ಸಣ್ಣ ಕಣ ತಾನಾಗಿ ಸುಲಭಕ್ಕೆ ಏಳುವುದಿಲ್ಲ ಅನ್ನೋದು ಇಲ್ಲಿನ ವಿಶೇಷ. ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕುಪ್ಪಳಿಸುವ ಮರಳುಕಾಳು ಬಂದು ಬಡಿದಾಗ ಅವು ಬಿಡಿಸಿಕೊಂಡು ಮೇಲೇಳುತ್ತವೆ. ಅಂದರೆ ಕುಪ್ಪಳಿಸುವ ಕಾಳು ಹೊಡೆತಗಾರ, ಧೂಳು ಹೊಡೆತ ತಿಂದದ್ದು.

ಈ ಸೀಮೆಯ ಎರೆಮಣ್ಣಿನಲ್ಲಿ ಜೇಡಿ ಹೆಚ್ಚು. ಹೆಂಟೆ ಹೆಂಟೆಯಾಗಿ ಬಿದ್ದಿರುವ ಎರೆಹೊಲದಿಂದ ಗಾಳಿ ಹೆಚ್ಚು ಒಯ್ಯಲಾರದು. ಅದೇ ಹೊಲವನ್ನು ಒಣಗಿದಾಗ ಮತ್ತೆ ಮತ್ತೆ ಹರಗಿದರೆ, ರೋಟವೇಟರ್ ಹೊಡೆದು ಹಿಟ್ಟು ಮಾಡಿದರೆ, ಗಾಳಿಗೆ ತುತ್ತು ಸಿದ್ಧ. ಮಸಾರಿ ಹೊಲದಲ್ಲಿ ಕುಪ್ಪಳಿಸುವ ಮರಳುಕಾಳು ಮೊದಲೇ ಇದೆ.

ಇನ್ನೊಂದು ಸೂತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮಣ್ಣು ಏಳಲು ಬೇಕಾದ ಕನಿಷ್ಠ ವೇಗ ದಾಟಿದ ಮೇಲೆ, ಗಾಳಿ ಸಾಗಿಸುವ ಮಣ್ಣು ಹೆಚ್ಚುಕಡಿಮೆ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಮಣ್ಣು 2×2×2, ಎಂಟು ಪಟ್ಟು.

ಎರಡು ಗಾಳಿ, ಎರಡು ಕಾಲ

ಈ ಸೀಮೆಗೆ ಧೂಳಿನ ಗಾಳಿ ವರ್ಷಕ್ಕೆ ಎರಡು ಬಗೆಯಲ್ಲಿ ಬರುತ್ತದೆ. ಮೊದಲನೆಯದು ಅಡ್ಡಮಳೆಯ ಕಾಲದ್ದು. ಎತ್ತರದ ಮೋಡದಿಂದ ಬೀಳುವ ಹನಿ ಕೆಳಗಿನ ಒಣ ಗಾಳಿಯಲ್ಲಿ ಆವಿಯಾಗುತ್ತದೆ. ಆವಿಯಾಗುವಾಗ ಗಾಳಿ ತಂಪಾಗಿ, ಭಾರವಾಗಿ ಧಡ್ಡನೆ ಕೆಳಗಿಳಿಯುತ್ತದೆ. ನೆಲಕ್ಕೆ ಬಡಿದು ನಾಲ್ಕೂ ಕಡೆ ಹರಡುತ್ತದೆ. ಮಳೆಗಿಂತ ಮೊದಲು ಧೂಳು ಬರೋದು ಇದಕ್ಕೇ. ಎಷ್ಟೋ ಸಲ ಧೂಳು ಮಾತ್ರ ಬಂದು ಮಳೆ ಬರದೇ ಹೋಗೋದೂ ಇದಕ್ಕೇ, ಹನಿ ದಾರಿಯಲ್ಲೇ ಮುಗಿದಿರುತ್ತದೆ. 2018ರ ಮೇ ತಿಂಗಳಲ್ಲಿ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದು ಇಂಥದೇ ಗಾಳಿಯ ದೊಡ್ಡ ರೂಪ.

ಎರಡನೆಯದು ಆಷಾಢದ ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯ ಮಾರುತ ತನ್ನ ಮಳೆಯನ್ನು ಸಹ್ಯಾದ್ರಿಗೇ ಸುರಿದು, ಗಾಳಿಯನ್ನಷ್ಟೇ ಈ ಕಡೆ ಕಳಿಸುತ್ತದೆ. ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸಿನ ಮಳೆಯ ನಾಡು ಇದು. ಮುಂಗಾರು ನೆಟ್ಟಗಿದ್ದರೆ ಹೊಲದಲ್ಲಿ ಹೆಸರು ಇರುತ್ತದೆ, ನೆಲ ಮುಚ್ಚಿರುತ್ತದೆ. ಮುಂಗಾರು ಕೈಕೊಟ್ಟರೆ, ಅಥವಾ ಹಿಂಗಾರಿಯ ಬಿಳಿಜೋಳ-ಕಡಲೆಗೆಂದು ಹೊಲ ಖಾಲಿ ಬಿಟ್ಟಿದ್ದರೆ, ಗಾಳಿ ಜೋರಿರುವ ಹೊತ್ತಿಗೇ ನೆಲ ಬೆತ್ತಲೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆಯಾದಾಗ ಮಳೆ ಕೊರತೆಯ ಸುದ್ದಿ ಬಂತು. ಒಣ ನೆಲದಿಂದ ಎದ್ದು ಹೋದ ಮಣ್ಣಿನ ಸುದ್ದಿ ಬರಲಿಲ್ಲ.

ಮಂಗಳನಲ್ಲಿ ಏನಾಗುತ್ತದೆ?

2015ರ ‘ದಿ ಮಾರ್ಷಿಯನ್’ ಸಿನಿಮಾ ಶುರುವಾಗೋದೇ ರಾಕೆಟ್ ಉರುಳಿಸುವಂಥ ಬಿರುಗಾಳಿಯಿಂದ. ನಿಜದಲ್ಲಿ ಅದು ಸಾಧ್ಯವಿಲ್ಲ. ಮಂಗಳನ ಗಾಳಿಯ ಸಾಂದ್ರತೆ ನಮ್ಮದರ ಸುಮಾರು ಅರವತ್ತನೇ ಒಂದು ಭಾಗ. ಲೆಕ್ಕ ಹಾಕಿದರೆ ಅಲ್ಲಿನ ಗಂಟೆಗೆ 100 ಕಿ.ಮೀ. ಗಾಳಿಯ ತಳ್ಳುವ ಬಲ ಇಲ್ಲಿನ 13-14 ಕಿ.ಮೀ. ತಂಗಾಳಿಯಷ್ಟೇ.

ಆದರೂ ಅಲ್ಲಿ ಕೆಲವು ವರ್ಷಕ್ಕೊಮ್ಮೆ ಇಡೀ ಗ್ರಹವನ್ನೇ ಧೂಳು ಮುಚ್ಚುತ್ತದೆ. ಒಮ್ಮೆ ಎದ್ದ ಧೂಳು ಬಿಸಿಲು ಹೀರಿ ಸುತ್ತಲಿನ ಗಾಳಿ ಕಾಯಿಸುತ್ತದೆ, ಕಾದ ಗಾಳಿ ಇನ್ನೂ ಜೋರಾಗಿ ಬೀಸಿ ಇನ್ನಷ್ಟು ಧೂಳು ಎಬ್ಬಿಸುತ್ತದೆ. ತೊಳೆದು ಕೆಳಗಿಳಿಸಲು ಮಳೆ ಇಲ್ಲ, ತಡೆಯಲು ಸಮುದ್ರ ಇಲ್ಲ, ಹುಲ್ಲಿಲ್ಲ. 1971ರಲ್ಲಿ ಮ್ಯಾರಿನರ್-9 ನೌಕೆ ಮಂಗಳ ತಲುಪಿದಾಗ ಕೆಳಗೆ ಕಂಡದ್ದು ಬರೀ ಧೂಳು. ಅದು ತಿಳಿಯಾಗುವವರೆಗೆ ವಾರಗಟ್ಟಲೆ ಕಾಯಬೇಕಾಯಿತು. 2018ರ ಬಿರುಗಾಳಿಯಲ್ಲಿ ಸೌರಫಲಕದ ಮೇಲೆ ಬದುಕಿದ್ದ ಆಪರ್ಚುನಿಟಿ ರೋವರ್‌ಗೆ ಬಿಸಿಲೇ ಸಿಗಲಿಲ್ಲ. ಜೂನ್ 10ರ ನಂತರ ಅದು ಮಾತಾಡಲಿಲ್ಲ.

ನಮ್ಮ ಹೊಲಗಳಲ್ಲಿ ಮಟಮಟ ಮಧ್ಯಾಹ್ನ ಏಳುವ ಸುಳಿಗಾಳಿ ಅಲ್ಲೂ ಇದೆ. 2012ರಲ್ಲಿ ನಾಸಾ ನೌಕೆಯೊಂದು ಸುಮಾರು 20 ಕಿ.ಮೀ. ಎತ್ತರದ ಸುಳಿಯನ್ನು ಚಿತ್ರಿಸಿತು. ಶನಿಯ ಉಪಗ್ರಹ ಟೈಟನ್‌ನಲ್ಲೂ ಧೂಳಿನ ಬಿರುಗಾಳಿ ಏಳುತ್ತದೆ ಅಂತ ಕ್ಯಾಸಿನಿ ನೌಕೆಯ ಮಾಹಿತಿ ನೋಡಿದ ವಿಜ್ಞಾನಿಗಳು 2018ರಲ್ಲಿ ಹೇಳಿದರು.

ಎಲ್ಲ ಕಡೆ ಬೇಕಾಗಿರೋದು ಮೂರೇ: ಗಾಳಿ, ಒಣಗಿ ಸಡಿಲವಾದ ಮಣ್ಣು, ಬೆತ್ತಲೆ ನೆಲ. ಮಂಗಳನಲ್ಲಿ ಈ ಮೂರರಲ್ಲಿ ಒಂದೂ ಯಾರ ಕೈಯಲ್ಲೂ ಇಲ್ಲ. ಭೂಮಿಯಲ್ಲಿ ಮೂರನೆಯದು ಪೂರ್ತಿ, ಎರಡನೆಯದು ಅರ್ಧ ನಮ್ಮ ಕೈಯಲ್ಲಿದೆ. ಜಗತ್ತಿನ ಧೂಳಿನಲ್ಲಿ ಕನಿಷ್ಠ ಕಾಲು ಭಾಗ ಮನುಷ್ಯರ ಕೆಲಸದಿಂದಲೇ ಏಳುವಂಥದ್ದು ಅಂತ ವಿಶ್ವಸಂಸ್ಥೆ ಹೇಳುತ್ತದೆ.

ಒಂದೇ ದಶಕ, ಎರಡು ನಾಡು

1930ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯಲ್ಲಿ ಹುಲ್ಲುಗಾವಲು ಕಿತ್ತು ಗೋಧಿ ಬೆಳೆದಿದ್ದ ನೆಲ ಬರಕ್ಕೆ ಸಿಕ್ಕಿ ಧೂಳಾಗಿ ಹಾರಿತು. 1935ರ ಏಪ್ರಿಲ್ 14ರ ಬಿರುಗಾಳಿಗೆ ‘ಕಪ್ಪು ಭಾನುವಾರ’ ಎಂದೇ ಹೆಸರು. ಧೂಳು ರಾಜಧಾನಿ ವಾಷಿಂಗ್ಟನ್ನಿಗೂ ಮುಟ್ಟಿತು. ಅದೇ ತಿಂಗಳ 27ರಂದು ಮಣ್ಣು ಸಂರಕ್ಷಣಾ ಕಾಯ್ದೆ ಬಂತು. 1942ರೊಳಗೆ ಸಾಲುಸಾಲಾಗಿ ಸುಮಾರು 22 ಕೋಟಿ ಮರ ನೆಟ್ಟರು. ಧೂಳು ಅಧಿಕಾರದ ಮೂಗಿಗೆ ಹೋದಾಗ ಕಾಯ್ದೆ ಬೇಗ ಆಗುತ್ತದೆ.

ಅದೇ ದಶಕದಲ್ಲಿ ಇಲ್ಲಿ ವಿಜಯಪುರ, ರಾಯಚೂರು, ಹಗರಿಗಳಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಯಿತು. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು-ನೀರು ಸಂರಕ್ಷಣೆಗೇ ಕೇಂದ್ರ ಬಂತು. ಜ್ಞಾನ ನಮ್ಮ ಮನೆಯಂಗಳದಲ್ಲೇ ಇದೆ. ಆದರೆ ನಮ್ಮ ಮಣ್ಣು ಉಳಿಸುವ ಕೆಲಸ ಅಂದರೆ ಬಹುಪಾಲು ಬದು ಹಾಕೋದು. ಬದು ಹರಿಯುವ ನೀರನ್ನು ತಡೆಯುತ್ತದೆ. ಗಾಳಿ ಅದರ ಮೇಲಿಂದ ದಾಟಿ ಹೋಗುತ್ತದೆ.

ಗುಡ್ಡದ ಮೇಲೆ ಒಂದು ಲೆಕ್ಕ, ಕೆಳಗೆ ಇನ್ನೊಂದು

ಗಜೇಂದ್ರಗಡದ ಗುಡ್ಡಗಳ ಮೇಲೆ ಸಾಲಾಗಿ ಗಾಳಿ ಫ್ಯಾನುಗಳು ತಿರುಗುತ್ತವೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕಲಿತ ಕೆಲವೇ ಉಪಯೋಗದ ಸೂತ್ರಗಳಲ್ಲಿ ಇದೊಂದು: ಗಾಳಿಯಲ್ಲಿರುವ ಶಕ್ತಿಯೂ ವೇಗದ ಘನದ ಲೆಕ್ಕದಲ್ಲೇ ಏರುತ್ತದೆ. ಅಂದರೆ ಅದೇ ಆಷಾಢದ ಗಾಳಿ, ಅದೇ ಸೂತ್ರ. ಗುಡ್ಡದ ಮೇಲೆ ಅದು ಯೂನಿಟ್ ಯೂನಿಟ್ ಆಗಿ ಮೀಟರಿನಲ್ಲಿ ದಾಖಲಾಗಿ ದುಡ್ಡಾಗುತ್ತದೆ. ಕೆಳಗಿನ ಹೊಲದಲ್ಲಿ ಮಣ್ಣು ಒಯ್ಯುತ್ತದೆ. ಗಾಳಿ ವಿದ್ಯುತ್ ಬೇಡ ಅಂತ ನಾನು ಹೇಳುತ್ತಿಲ್ಲ, ಬೇಕೇ ಬೇಕು. ಗಾಳಿಯ ಲಾಭಕ್ಕೆ ಮೀಟರ್ ಇರುವಾಗ ಅದರ ನಷ್ಟಕ್ಕೆ ಯಾಕಿಲ್ಲ ಅನ್ನೋದು ನನ್ನ ಪ್ರಶ್ನೆ.

ನಷ್ಟ ಎಷ್ಟು ಅಂತ ಕೇಳಿದರೆ ಸರಳ ಗುಣಾಕಾರ ಮಾಡಿ. ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಹೋದರೆ ಸುಮಾರು 5 ಟನ್. ಹಾರಿ ಹೋಗೋದು ಬರೀ ಮಣ್ಣಲ್ಲ, ಗೊಬ್ಬರದ ಸತ್ವ ಹಿಡಿದಿಟ್ಟುಕೊಂಡ ಅತಿ ಸಣ್ಣ ಕಣಗಳೇ ಮೊದಲು ಹೋಗುತ್ತವೆ.

ಕೇಂದ್ರದ ವಿಪತ್ತು ಪರಿಹಾರ ಪಟ್ಟಿಯಲ್ಲಿ ಬರ, ನೆರೆ, ಆಲಿಕಲ್ಲು, ಕೀಟಬಾಧೆ ಇವೆ. ಧೂಳಿನ ಬಿರುಗಾಳಿ ಇಲ್ಲ. ಮಲಪ್ರಭಾ, ಬೆಣ್ಣೆಹಳ್ಳ ಉಕ್ಕಿ ನರಗುಂದ, ರೋಣದ ಹೊಲಗಳ ಮೇಲೆ ಹೂಳು ಕೂತರೆ ಅದನ್ನು ತೆಗೆಸಲು ನೆರವಿದೆ. ಹೊಳೆ ದಿಕ್ಕು ಬದಲಿಸಿ ಭೂಮಿ ಕೊಚ್ಚಿಹೋದರೂ ನೆರವಿದೆ. ಗಾಳಿ ಒಯ್ದ ಭೂಮಿಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಬೆಳೆವಿಮೆ ಬೆಳೆಗೆ, ಮಣ್ಣಿಗಲ್ಲ.

ಕೇಳಬೇಕಾದದ್ದು ಏನು?

‘ರೈತರು ಕೂಳೆ ಬಿಡಲಿ, ಕಡಿಮೆ ಉಳುಮೆ ಮಾಡಲಿ’ ಅಂತ ಉಪದೇಶ ಮಾಡೋದು ಸುಲಭ. ಆದರೆ ಜೋಳದ ಕಣಿಕೆ ಬೇಸಿಗೆಯಲ್ಲಿ ದನದ ಹೊಟ್ಟೆಗೆ ಬೇಕು. ಬದುವಿನ ಮೇಲೆ ಮರ ಬೆಳೆಸಿದರೆ ನೆರಳಿಗೆ ಎರಡು ಸಾಲು ಬೆಳೆ ಕುಂದುತ್ತದೆ. ಎರಡು-ಮೂರು ಎಕರೆಯವರು ಈ ಖರ್ಚು ಒಬ್ಬರೇ ಹೊರಲಾರರು. ಆದ್ದರಿಂದಲೇ ಇದು ಸಾರ್ವಜನಿಕ ದುಡ್ಡಿನ ಪ್ರಶ್ನೆ.

ಒಂದು ಮರದ ಸಾಲು ತನ್ನ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಗಾಳಿ ತಗ್ಗಿಸುತ್ತದೆ. 6 ಮೀಟರ್ ಎತ್ತರದ ಬೇವಿನ ಸಾಲಿನ ಮರೆಯಲ್ಲಿ 60 ಮೀಟರ್ ಹೊಲ. ಗಾಳಿಗೆ ಅಡ್ಡವಾಗಿ, ರಸ್ತೆ-ಕಾಲುವೆ ಅಂಚಿನಲ್ಲಿ, ಉಳಿದಿರುವ ಗಾಯರಾಣದಲ್ಲಿ ಬೇವು, ಬನ್ನಿ, ಜಾಲಿ ಬೆಳೆಸೋದು ಪಂಚಾಯತಿ ಮಟ್ಟದ ಕೆಲಸ. ಕೂಳೆ ಬಿಟ್ಟವರಿಗೆ ಮೇವಿನ ಬದಲಿ ಕೊಡೋದು ರಾಜ್ಯದ ಕೆಲಸ. ವಿಪತ್ತು ಪರಿಹಾರ ನಿಧಿಯ ಶೇ. 10ರವರೆಗೆ ಸ್ಥಳೀಯ ವಿಪತ್ತುಗಳಿಗೆ ಬಳಸುವ ಅವಕಾಶ ರಾಜ್ಯಗಳಿಗಿದೆ. ಉತ್ತರ ಪ್ರದೇಶ ಬಿರುಗಾಳಿಯನ್ನು ಹಾಗೆ ಸೇರಿಸಿಕೊಂಡಿದೆ.

1980ರ ಜುಲೈ 21ರಂದು ನರಗುಂದದ ರೈತರು ನೀರಿನ ಕರದ ವಿರುದ್ಧ ಬೀದಿಗಿಳಿದು ರಾಜ್ಯದ ರಾಜಕಾರಣವನ್ನೇ ತಿರುಗಿಸಿದರು. ಮಹದಾಯಿಗಾಗಿ 2015ರಿಂದ ಅದೇ ಊರು ಧರಣಿ ಕೂತಿತು. ನೀರು ಬಂದರೂ ನಿಲ್ಲಲು ಮಣ್ಣು ಬೇಕಲ್ವಾ? ವಿಶ್ವಸಂಸ್ಥೆ 2025ರಿಂದ 2034ರವರೆಗಿನ ಹತ್ತು ವರ್ಷವನ್ನು ಧೂಳಿನ ಬಿರುಗಾಳಿ ಎದುರಿಸುವ ದಶಕ ಅಂತ ಘೋಷಿಸಿದೆ. ಮುಂದಿನ ಗ್ರಾಮಸಭೆಗೆ ಹೋಗುವವರು ಒಂದೇ ಪ್ರಶ್ನೆ ಒಯ್ಯಿರಿ: ಈ ಆಷಾಢದಲ್ಲಿ ನಮ್ಮ ಊರಿನ ಎಷ್ಟು ಎಕರೆ ಬೆತ್ತಲೆ ಇರುತ್ತದೆ? ಉತ್ತರ ಗೊತ್ತಿಲ್ಲ ಅಂದರೆ, ಎಣಿಸೋ ಕೆಲಸ ಅಲ್ಲಿಂದಲೇ ಶುರುವಾಗಲಿ.