ಅನಿಲದ ಮಾದರಿ ಕ್ರೊಮಟೋಗ್ರಾಫ್ ಸೇರುವ ಬಗೆ

ಟ್ರಾನ್ಸ್‌ಫಾರ್ಮರ್ ಒಳಗೆ ಪ್ರಬಲ ವಿದ್ಯುತ್ ಕಿಡಿ ಹಾರಿದರೆ ಎಣ್ಣೆ ವಿಭಜನೆಯಾಗಿ ಅಸಿಟಿಲೀನ್ ಹುಟ್ಟುತ್ತದೆ. ಎಣ್ಣೆಯಿಂದ ಬೇರ್ಪಡಿಸಿದ ಅನಿಲವನ್ನು ಗ್ಯಾಸ್ ಕ್ರೊಮಟೋಗ್ರಾಫ್‌ನಲ್ಲಿ ಪರೀಕ್ಷಿಸಿ ಈ ದೋಷವನ್ನು ಪತ್ತೆ ಮಾಡುತ್ತಾರೆ. ಮಾದರಿಯನ್ನು ಒಳಗೆ ಬಿಡುವಾಗಲೇ ತಪ್ಪಿದರೆ ಫಲಿತಾಂಶವೂ ತಪ್ಪುತ್ತದೆ.

ಸಿರಿಂಜ್ ಬಳಸಿದರೆ ಅನಿಲ ಸೋರಬಹುದು, ಗಾಳಿ ಬೆರೆಯಬಹುದು. ಆದ್ದರಿಂದ ಆರು ದ್ವಾರಗಳ ಕವಾಟವನ್ನು ಬಳಸುವುದುಂಟು. ಮೊದಲು ಮಾದರಿ ಅನಿಲವು ನಿಗದಿತ ಗಾತ್ರದ, ಉದಾಹರಣೆಗೆ 1 ಮಿಲಿಲೀಟರ್‌ನ, ಲೂಪ್ ಎಂಬ ಕೊಳವೆಯಲ್ಲಿ ಹರಿದು ಅಲ್ಲಿದ್ದ ಗಾಳಿಯನ್ನು ಹೊರದೂಡುತ್ತದೆ. ಹರಿವು ನಿಲ್ಲಿಸಿ, ಲೂಪಿನ ಒತ್ತಡ ಹೊರಗಿನ ವಾತಾವರಣಕ್ಕೆ ಸಮವಾದ ಮೇಲೆ ಕವಾಟ ತಿರುಗಿಸಬೇಕು. ಆಗ ವಾಹಕ ಅನಿಲವು ಲೂಪಿನಲ್ಲಿದ್ದುದನ್ನು ಕಾಲಮ್‌ಗೆ ಒಯ್ಯುತ್ತದೆ.

ಒತ್ತಡಕ್ಕೆ ಇಷ್ಟು ಮಹತ್ವವೇಕೆ? ಪ್ರಥಮ ಪಿಯುಸಿಯ ಆದರ್ಶ ಅನಿಲ ಸಮೀಕರಣವನ್ನು ನೆನಪಿಸಿಕೊಳ್ಳಿ: ಗಾತ್ರ, ತಾಪಮಾನ ಬದಲಾಗದಿದ್ದರೂ ಒತ್ತಡ ಶೇ. 10 ಹೆಚ್ಚಿದರೆ ಅಣುಗಳೂ ಶೇ. 10 ಹೆಚ್ಚುತ್ತವೆ. ಇಲ್ಲದ ಅಪಾಯ ಕಾಣಬಹುದು, ಇರುವ ಅಪಾಯ ಮರೆಯಾಗಬಹುದು.