ಲಿಂಗ ಪರಿವರ್ತನೆಯ ಮಾತನ್ನು ಫ್ಯಾಮಿಲಿ ಡಾಕ್ಟರ ಮುಂದೆ ತೆಗೆಯುವುದು ಹೇಗೆ?



ನಮ್ಮ ಆರೋಗ್ಯ ಮಾಹಿತಿ ವಿಭಾಗಕ್ಕೆ ಬರುವ ಪ್ರಶ್ನೆಗಳು ಹೆಚ್ಚಾಗಿ ಸಕ್ಕರೆ ಕಾಯಿಲೆ, ಮಂಡಿ ನೋವು, ಯಾವ ರಾಜ್ಯದ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂಬಂಥವು. ಈ ಸಲ ಗಡಿಯ ಎರಡು ಬೇರೆ ಬೇರೆ ಊರುಗಳಿಂದ ಒಂದೇ ಪ್ರಶ್ನೆ ಬಂದಿದೆ. ಒಂದನ್ನು ಕಳಿಸಿದವರು ಇಪ್ಪತ್ತೆರಡು ವರ್ಷದ ಯುವಕ. ಹುಟ್ಟಿದಾಗ ಹೆಣ್ಣು ಎಂದು ದಾಖಲಾದವರು. ಇನ್ನೊಂದನ್ನು ಕಳಿಸಿದವರು ಒಬ್ಬ ತಾಯಿ. ಮಗನೆಂದು ಬೆಳೆಸಿದ ಮಗುವನ್ನು ಈಗ ಮಗಳೆಂದು ಕರೆಯಲು ಕಲಿಯುತ್ತಿದ್ದೇನೆ ಎಂದು ಬರೆದಿದ್ದಾರೆ. ಎಲ್ಲಿ ಚಿಕಿತ್ಸೆ ಸಿಗುತ್ತದೆ ಎಂದು ಇಬ್ಬರೂ ಕೇಳಿಲ್ಲ. ನಮ್ಮ ಫ್ಯಾಮಿಲಿ ಡಾಕ್ಟರಿಗೆ ಇದನ್ನು ಹೇಳುವುದು ಹೇಗೆ ಎಂದು ಕೇಳಿದ್ದಾರೆ.

ಆ ತಾಯಿಯ ಪತ್ರದಲ್ಲಿ ಇನ್ನೊಂದು ಸಾಲು ಇತ್ತು. ಡಾಕ್ಟರಿಗೆ ಹೇಳಲು ಧೈರ್ಯ ಸಾಲದೆ ಮಗಳು ಎಂಟು ತಿಂಗಳಿಂದ ಪಕ್ಕದ ಊರಿನ ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು, ದಿನಕ್ಕೆ ಎರಡು ಮೂರು ನುಂಗುತ್ತಿದ್ದಾಳಂತೆ. ಆದ್ದರಿಂದ ಈ ಉತ್ತರವನ್ನು ಅಲ್ಲಿಂದಲೇ ಶುರು ಮಾಡುತ್ತೇವೆ. ಗರ್ಭನಿರೋಧಕ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ಎಥಿನೈಲ್ ಎಸ್ಟ್ರಡಯೋಲ್. ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಇದರಿಂದ ಹೆಚ್ಚು. ಪ್ರಮಾಣ ಏರಿದಷ್ಟೂ ಅಪಾಯ ಏರುತ್ತದೆ, ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು. ಲಿಂಗ ಪರಿವರ್ತನೆಗೆ ಈಗ ವೈದ್ಯರು ಬರೆಯುವುದು ಎಸ್ಟ್ರಡಯೋಲ್ ಎಂಬ ಬೇರೆ ಔಷಧವನ್ನು. ಒಂದೇ ಕಾಲು ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋವು ಇವು ಕಂಡರೆ ಮಾತು ಹೇಗೆ ತೆಗೆಯಲಿ ಎಂದು ಯೋಚಿಸುತ್ತ ಕೂರಬಾರದು, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ನುಂಗುತ್ತಿದ್ದ ಮಾತ್ರೆಯ ಸ್ಟ್ರಿಪ್ಪನ್ನು ಜೊತೆಗೆ ಒಯ್ಯಬೇಕು.

ಇನ್ನು ಡಾಕ್ಟರ ಮಾತು. ನಮ್ಮ ಕಡೆ ಫ್ಯಾಮಿಲಿ ಡಾಕ್ಟರ್ ಎಂದರೆ ಬಸ್ ಸ್ಟ್ಯಾಂಡಿನ ಹತ್ತಿರ ಮೂವತ್ತು ವರ್ಷದಿಂದ ಕ್ಲಿನಿಕ್ ಇಟ್ಟವರು. ಅಜ್ಜನ ಬಿ.ಪಿ., ಅಮ್ಮನ ಥೈರಾಯ್ಡ್, ಅಕ್ಕನ ಹೆರಿಗೆ ಎಲ್ಲವೂ ಅವರಿಗೆ ಗೊತ್ತು. ಹೆದರಿಕೆಗೆ ಕಾರಣವೂ ಅದೇ, ಅನುಕೂಲವೂ ಅದೇ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿತ್ತೇ, ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತೇ ಎಂದು ದೊಡ್ಡ ಆಸ್ಪತ್ರೆಯ ತಜ್ಞರು ಕೇಳುವ ಪ್ರಶ್ನೆಗೆ ಉತ್ತರ ಇವರ ಬಳಿ ಆಗಲೇ ಇರುತ್ತದೆ.

ಇವರಿಂದ ಏನು ಕೇಳಬೇಕು ಎಂಬುದು ಸ್ಪಷ್ಟವಾಗಿದ್ದರೆ ಮಾತಿನ ಅರ್ಧ ಭಾರ ಇಳಿಯುತ್ತದೆ. ನಾವು ಒಪ್ಪಿಗೆ ಕೇಳಲು ಹೋಗುತ್ತಿಲ್ಲ. ನಮ್ಮ ಲಿಂಗತ್ವ ಯಾವುದು ಎಂದು ತೀರ್ಪು ಕೊಡುವ ಕೆಲಸ ಅವರದಲ್ಲ. ಲಿಂಗತ್ವವನ್ನು ಗುರುತಿಸಿಕೊಳ್ಳುವುದು ಆಯಾ ವ್ಯಕ್ತಿಗೆ ಸೇರಿದ ವಿಷಯ, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಹೇಳಿದೆ. ನಾವು ಕೇಳುವುದು ಮೂರು ಸಂಗತಿ. ಎಂಡೋಕ್ರೈನಾಲಜಿಸ್ಟರಿಗೆ, ಅಂದರೆ ಹಾರ್ಮೋನು ತಜ್ಞರಿಗೆ, ಒಂದು ರೆಫರಲ್ ಚೀಟಿ. ಚಿಕಿತ್ಸೆಗೆ ಮೊದಲು ಬೇಕಾದ ರಕ್ತ ಪರೀಕ್ಷೆಗಳು. ಮತ್ತೆ, ಮಾತು ಆ ಕೋಣೆ ದಾಟದಿರಲಿ ಎಂಬುದು.

ಮೂರನೆಯದು ಅವರು ನಮಗೆ ಮಾಡುವ ಉಪಕಾರವಲ್ಲ. ರೋಗಿಯ ಗುಟ್ಟನ್ನು ಹೊರಗೆ ಹೇಳಬಾರದು ಎಂಬುದು ವೈದ್ಯರ 2002ರ ವೃತ್ತಿ ನಡತೆಯ ನಿಯಮಾವಳಿಯಲ್ಲೇ ಇದೆ. ಹದಿನೆಂಟು ತುಂಬಿದವರ ವಿಷಯವನ್ನು ಅಪ್ಪನಿಗೂ ಹೇಳುವಂತಿಲ್ಲ, ಅಪ್ಪ ಅವರ ಹಳೆಯ ಗೆಳೆಯರಾಗಿದ್ದರೂ. ಆದರೆ ನಿಯಮ ಬೇರೆ, ಕ್ಲಿನಿಕ್ಕಿನ ಪರದೆ ಬೇರೆ. ಬಾಗಿಲ ಬದಲು ಪರದೆ ನೇತಾಡುವ, ಬೆಂಚಿನ ಮೇಲೆ ಕೂತವರಿಗೆ ಒಳಗಿನ ಮಾತೆಲ್ಲ ಕೇಳುವ, ಪರಿಚಯದ ಕಾಂಪೌಂಡರ್ ಒಳಗೆ ಹೊರಗೆ ಓಡಾಡುವ ಕ್ಲಿನಿಕ್ಕುಗಳು ನಮ್ಮಲ್ಲಿ ಎಷ್ಟಿಲ್ಲ! ಹಾಗಾಗಿ ಸಂಜೆಯ ಕೊನೆಯ ಟೋಕನ್ ತೆಗೆದುಕೊಳ್ಳಿ. ಇಲ್ಲವೇ ಮೊದಲೇ ಫೋನ್ ಮಾಡಿ, ಹತ್ತು ಹದಿನೈದು ನಿಮಿಷ ಒಬ್ಬರೇ ಮಾತಾಡಬೇಕಿದೆ ಎಂದು ಹೇಳಿಡಿ.

ಒಳಗೆ ಹೋದ ಮೇಲೆ ಸುತ್ತಿ ಬಳಸಿ ಹೇಳುವುದರಿಂದ ಕೆಲಸ ಕೆಡುತ್ತದೆ. ನಿದ್ದೆ ಬರುತ್ತಿಲ್ಲ, ತಲೆನೋವು ಎಂದು ಶುರು ಮಾಡಿದರೆ ಅವರು ಅದಕ್ಕೇ ಮಾತ್ರೆ ಬರೆದು ಕಳಿಸುತ್ತಾರೆ. ನಮ್ಮ ಯುವ ಸದಸ್ಯರು ಮೊದಲ ಎರಡು ಸಲ ಹೀಗೇ ವಿಟಮಿನ್ ಮಾತ್ರೆ ಹಿಡಿದುಕೊಂಡು ಮನೆಗೆ ಬಂದರಂತೆ! ಅವರ ಜೊತೆ ಕೂತು ನಾವು ಬರೆದುಕೊಂಡ ಮಾತು ಹೀಗಿತ್ತು: "ಡಾಕ್ಟ್ರೇ, ಇವತ್ತು ಜ್ವರಕ್ಕೆ ಬಂದದ್ದಲ್ಲ. ಹುಟ್ಟಿದಾಗ ನನ್ನನ್ನು ಹೆಣ್ಣು ಎಂದು ಬರೆಸಿದ್ದಾರೆ. ನಾನು ಗಂಡು ಎಂಬುದು ನನಗೆ ತುಂಬ ವರ್ಷದಿಂದ ಗೊತ್ತು. ಹಾರ್ಮೋನ್ ಚಿಕಿತ್ಸೆ ತಗೊಳ್ಳಬೇಕೆಂದಿದ್ದೇನೆ. ನಾನಾಗಿ ಅಂಗಡಿಯಿಂದ ತಂದು ಚುಚ್ಚಿಸಿಕೊಳ್ಳುವುದು ಬೇಡ ಎಂದೇ ನಿಮ್ಮ ಹತ್ತಿರ ಬಂದೆ." ಬಾಯಿ ಕಟ್ಟಿಹೋದರೆ ಆ ಚೀಟಿಯನ್ನೇ ಮೇಜಿನ ಮೇಲೆ ಇಟ್ಟುಬಿಡಬಹುದು. ಅವರು ಮಾಡಿದ್ದೂ ಅದನ್ನೇ.

ಪದಗಳ ವಿಷಯ ನಮ್ಮಂಥ ಗಡಿನಾಡಿನವರಿಗೆ ಇನ್ನೊಂದು ತೊಡಕು. ಮನೆಯಲ್ಲಿ ಕನ್ನಡ, ಡಾಕ್ಟರದು ಮಲಯಾಳವೋ ಮರಾಠಿಯೋ ತೆಲುಗೋ. ಕಾಸರಗೋಡಿನ ಕಡೆ ಕೇಳಿಬರುವ ‘ಮಂಗಳಮುಖಿ’, ಜತ್ತ-ಅಕ್ಕಲಕೋಟೆಯ ಕಡೆಯವರಿಗೆ ಗೊತ್ತಿರುವ ‘ಜೋಗಪ್ಪ’ ಎರಡೂ ಟ್ರಾನ್ಸ್ ಪುರುಷರಿಗೆ ಹೊಂದುವುದಿಲ್ಲ. ಜೋಗಪ್ಪ ಎಂದರೆ ಎಲ್ಲಮ್ಮನಿಗೆ ಸೇರಿದ ಸಂಪ್ರದಾಯ. ಆ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ಪದ್ಮಶ್ರೀ ಪಡೆದದ್ದು ನಮಗೆಲ್ಲ ಹೆಮ್ಮೆಯೇ. ಆದರೆ ಆ ಹೆಸರು ಹೇಳಿದರೆ ಡಾಕ್ಟರು ದೇವರ ಹರಕೆಯ ವಿಷಯ ಎಂದುಕೊಳ್ಳಬಹುದು. ತಾಳವಾಡಿ, ಹೊಸೂರು, ನೀಲಗಿರಿಯವರಿಗೆ ತಮಿಳಿನಲ್ಲಿ ಒಳ್ಳೆಯ ಎರಡು ಪದಗಳಿವೆ: ಟ್ರಾನ್ಸ್ ಮಹಿಳೆಗೆ ತಿರುನಂಗೈ, ಟ್ರಾನ್ಸ್ ಪುರುಷನಿಗೆ ತಿರುನಂಬಿ. ಮರಾಠಿಯಲ್ಲಿ ತೃತೀಯಪಂಥಿ ಎನ್ನುತ್ತಾರೆ. ಮಲಯಾಳ, ತೆಲುಗಿನಲ್ಲಿ ಟ್ರಾನ್ಸ್‌ಜೆಂಡರ್ ಎಂದರೆ ಸಾಕು. ಯಾವ ಪದವೂ ಹೊಳೆಯದಿದ್ದರೆ, ಹುಟ್ಟಿದಾಗ ಏನು ಬರೆಸಿದರು, ನಾನು ಯಾರು, ಈಗ ಏನು ಬೇಕು ಎಂಬ ಮೂರು ಮಾತು ಯಾವ ಭಾಷೆಯಲ್ಲಾದರೂ ನಡೆಯುತ್ತದೆ.

ಡಾಕ್ಟರು ಏನನ್ನಬಹುದು? ಎಷ್ಟೋ ಜನ ನಾವು ಎಣಿಸಿದ್ದಕ್ಕಿಂತ ಒಳ್ಳೆಯವರಾಗಿರುತ್ತಾರೆ. ತಮಗೆ ಇದರಲ್ಲಿ ಅನುಭವವಿಲ್ಲ ಎಂದು ನೇರವಾಗಿ ಹೇಳಿ, ಗೊತ್ತಿರುವವರ ಹೆಸರು ಕೊಡುತ್ತಾರೆ. ಅದು ಒಳ್ಳೆಯ ಉತ್ತರವೇ. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಅವರ ಜೊತೆ ವಾದಕ್ಕೆ ಇಳಿಯುವುದು ಬೇಡ. ಚೀಟಿ ಬರೆದುಕೊಡುತ್ತೀರಾ ಎಂದು ಇನ್ನೊಮ್ಮೆ ಕೇಳಿ. ಇಲ್ಲವೆಂದರೆ ಎದ್ದು ಬನ್ನಿ. ಎಂಡೋಕ್ರೈನಾಲಜಿ ವಿಭಾಗಕ್ಕೆ ಚೀಟಿಯಿಲ್ಲದೆ ನೇರವಾಗಿ ಹೋಗಿಯೂ ತೋರಿಸಿಕೊಳ್ಳಬಹುದು. ನಿಮ್ಮ ಹಳೆಯ ದಾಖಲೆಗಳನ್ನು ಮಾತ್ರ ಬಿಡಬೇಡಿ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಅದೇ 2002ರ ನಿಯಮಾವಳಿ ಹೇಳುತ್ತದೆ.

"ಮನೋವೈದ್ಯರನ್ನು ಕಾಣಿ" ಎಂದರೆ ಮಾತ್ರ ತಕ್ಷಣ ಸಿಟ್ಟಾಗಬೇಡಿ. ಈ ಮಾತಿನಲ್ಲಿ ಎರಡು ಬಗೆಯುಂಟು. ಹಾರ್ಮೋನಿಗೂ ಶಸ್ತ್ರಚಿಕಿತ್ಸೆಗೂ ಮೊದಲು ಮನೋವೈದ್ಯರೋ ಕ್ಲಿನಿಕಲ್ ಸೈಕಾಲಜಿಸ್ಟರೋ ಮಾತಾಡಿಸಿ ಒಂದು ಪತ್ರ ಕೊಡುವುದು ನಮ್ಮ ದೇಶದ ಆಸ್ಪತ್ರೆಗಳಲ್ಲಿ ರೂಢಿ. ಬಂದವರಿಗೆ ಚಿಕಿತ್ಸೆಯ ಒಳಿತು ಕೆಡುಕು ತಿಳಿದಿದೆಯೇ, ಖಿನ್ನತೆ ಇದ್ದರೆ ಅದಕ್ಕೂ ಆರೈಕೆ ಸಿಗುತ್ತಿದೆಯೇ ಎಂದು ನೋಡುವ ಕೆಲಸ ಅದು. ಇದು ಹುಚ್ಚು ಎಂದು ಹಣೆಪಟ್ಟಿ ಕಟ್ಟುವುದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ತೆಗೆದಿದ್ದಾರೆ. ಸಮಾಜದ ರೀತಿಗೆ ಒಗ್ಗದವರು ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎನ್ನುವಂತಿಲ್ಲ ಎಂದು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ.

ಎರಡನೆಯ ಬಗೆ ಬೇರೆ. ‘ಬದಲಾಯಿಸಿ ಕೊಡುತ್ತೇವೆ’, ‘ಗಂಡಸುತನ ಬರಿಸುತ್ತೇವೆ’ ಎಂದು ಸೇರಿಸಿಕೊಳ್ಳುವವರು. ತಮಿಳುನಾಡಿನ ಒಂದು ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟು 2021ರಲ್ಲಿ ಇಂಥ ಚಿಕಿತ್ಸೆಯ ವಿರುದ್ಧ ಆದೇಶ ಕೊಟ್ಟಿತು. ಅದರ ಬೆನ್ನಿಗೇ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ, ಹೀಗೆ ಮಾಡುವುದು ವೃತ್ತಿ ದುರ್ನಡತೆ ಎಂದು ಎಲ್ಲ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿತು. ಹೆತ್ತವರಿಗೆ ನಮ್ಮ ಒಂದು ಮನವಿ: ಸಾಲ ಮಾಡಿ ಅಂಥ ಕಡೆಗೆ ಮಕ್ಕಳನ್ನು ಕರೆದೊಯ್ಯಬೇಡಿ.

ಚಿಕಿತ್ಸೆ ಎಂದಕೂಡಲೇ ಆಪರೇಶನ್ ಎಂದುಕೊಳ್ಳುವವರೇ ಹೆಚ್ಚು. ಹಾಗಲ್ಲ. ಕೆಲವರಿಗೆ ಹೆಸರು, ಉಡುಪು ಬದಲಾದರೆ ಸಾಕು. ಕೆಲವರು ಹಾರ್ಮೋನಿಗೆ ನಿಲ್ಲಿಸುತ್ತಾರೆ. ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕೆಂದಿಲ್ಲ. ಹಾರ್ಮೋನು ಕೆಲಸ ಮಾಡುವುದೂ ನಿಧಾನ. ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಶುರುವಾದ ಕೆಲವು ತಿಂಗಳಲ್ಲಿ ಮುಟ್ಟು ನಿಲ್ಲುತ್ತದೆ, ದನಿ ಒಡೆಯುತ್ತದೆ. ಗಡ್ಡ ತುಂಬಲು ವರ್ಷಗಳು ಬೇಕು. ಎಸ್ಟ್ರಡಯೋಲ್, ಅದರ ಜೊತೆಗೆ ಗಂಡು ಹಾರ್ಮೋನು ತಗ್ಗಿಸುವ ಸ್ಪೈರನೊಲ್ಯಾಕ್ಟೋನಿನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಮೂರರಿಂದ ಆರು ತಿಂಗಳಲ್ಲಿ ಸ್ತನ ಬೆಳೆಯಲು ತೊಡಗುತ್ತದೆ. ಆದರೆ ಒಮ್ಮೆ ಒಡೆದ ದನಿ ಅದರಿಂದ ತೆಳುವಾಗುವುದಿಲ್ಲ, ಬಂದ ಗಡ್ಡ ಹೋಗುವುದಿಲ್ಲ. ಮೈಕಟ್ಟು, ಚರ್ಮದ ಬದಲಾವಣೆ ಔಷಧ ನಿಲ್ಲಿಸಿದರೆ ಬಹುಮಟ್ಟಿಗೆ ಹಿಂದಕ್ಕೆ ಬರುತ್ತದೆ. ಒಡೆದ ದನಿ, ಬೆಳೆದ ಸ್ತನ ಹಿಂದಕ್ಕೆ ಹೋಗುವುದಿಲ್ಲ. ಮುಂದೆ ಸ್ವಂತ ಮಗು ಬೇಕೆನಿಸಬಹುದು ಎನ್ನುವವರು ವೀರ್ಯ ಅಥವಾ ಅಂಡಾಣು ಕಾಪಿಡುವ ಬಗ್ಗೆ ಶುರು ಮಾಡುವ ಮೊದಲೇ ಕೇಳಬೇಕು. ಟೆಸ್ಟೋಸ್ಟೆರಾನಿನಿಂದ ಮುಟ್ಟು ನಿಂತಿತು ಎಂದ ಮಾತ್ರಕ್ಕೆ ಬಸಿರಾಗುವುದಿಲ್ಲ ಎಂದಲ್ಲ, ಇದನ್ನೂ ತಿಳಿದಿರಬೇಕು.

ಫ್ಯಾಮಿಲಿ ಡಾಕ್ಟರು ನಿಜವಾಗಿ ಉಪಯೋಗಕ್ಕೆ ಬರುವುದು ಇದರ ನಂತರ. ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಬೇಕು. ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುವವರಲ್ಲಿ ರಕ್ತ ದಪ್ಪವಾಗುತ್ತಿದೆಯೇ ಎಂದು ಹಿಮೋಗ್ಲೋಬಿನ್, ಹೆಮಟೋಕ್ರಿಟ್ ನೋಡುತ್ತಾರೆ. ಸ್ಪೈರನೊಲ್ಯಾಕ್ಟೋನ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಮತ್ತು ಬಿ.ಪಿ. ಇವೆಲ್ಲ ನಮ್ಮೂರಿನ ಲ್ಯಾಬಿನಲ್ಲೇ ಆಗುವ ಪರೀಕ್ಷೆಗಳು. ತಾಳವಾಡಿಯಿಂದ ದಿಂಬಂ ಘಾಟಿ ಇಳಿದು ಹೋಗುವುದೂ, ರಾಯದುರ್ಗದಿಂದ ಬಳ್ಳಾರಿಗೆ ಹೋಗುವುದೂ ಪ್ರತಿ ಸಲ ಒಂದು ದಿನದ ಕೂಲಿ. ಪರೀಕ್ಷೆ ಇಲ್ಲೇ ಮಾಡಿಸಿ ವರದಿಯನ್ನು ತಜ್ಞರಿಗೆ ಕಳಿಸಬಹುದೇ ಎಂದು ಇಬ್ಬರನ್ನೂ ಕೇಳಿ. 2020ರ ಮಾರ್ಚಿನ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ನೋಂದಾಯಿತ ವೈದ್ಯರು ದೇಶದ ಯಾವ ರಾಜ್ಯದ ರೋಗಿಯೊಂದಿಗೂ ಫೋನು, ವಿಡಿಯೋ ಮೂಲಕ ಸಮಾಲೋಚನೆ ನಡೆಸಬಹುದು. ಅದೇ ತಿಂಗಳು ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಕಾಸರಗೋಡಿನವರು ಪಟ್ಟ ಪಾಡು ಮರೆಯುವಂಥದ್ದಲ್ಲ. ಚಿಕಿತ್ಸೆ ಪೂರ್ತಿ ಗಡಿಯ ಆಚೆಗಿದ್ದರೆ, ಈಚೆ ಕಡೆ ವಿಷಯ ತಿಳಿದ ಒಬ್ಬ ಡಾಕ್ಟರು ಇರಲೇಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಹಣಕಾಸಿನ ಮಾತು ಚಿಕ್ಕದಾಗಿ ಹೇಳುತ್ತೇವೆ. ಹಾರ್ಮೋನ್ ಮತ್ತು ಶಸ್ತ್ರಚಿಕಿತ್ಸೆಗೆ ಏರ್ಪಾಡು ಮಾಡುವುದು ಸರ್ಕಾರಗಳ ಹೊಣೆ ಎಂದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿದೆ. ತಮಿಳುನಾಡು 2008ರಲ್ಲೇ ಕಲ್ಯಾಣ ಮಂಡಳಿ ಮಾಡಿತು, ಕೇರಳ 2015ರಲ್ಲಿ ನೀತಿ ತಂದಿತು. ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಭಾರತ್ ಟಿ.ಜಿ. ಪ್ಲಸ್ ಯೋಜನೆಯನ್ನು ಕೇಂದ್ರ 2022ರಲ್ಲಿ ಪ್ರಕಟಿಸಿತು. ಇವುಗಳಿಗೆ ಸಾಮಾನ್ಯವಾಗಿ ಗುರುತಿನ ಪ್ರಮಾಣಪತ್ರ ಬೇಕು. ಅದನ್ನು ಕೊಡುವುದು ನೀವು ವಾಸವಿರುವ ಜಿಲ್ಲೆಯ ಜಿಲ್ಲಾಧಿಕಾರಿ ಕಚೇರಿ, ಚಿಕಿತ್ಸೆ ಪಡೆಯುವ ಊರಿನದಲ್ಲ. ಅದರ ನಿಯಮಗಳು ಕಾಲಕಾಲಕ್ಕೆ ಬದಲಾಗುವಂಥವು. ಅರ್ಜಿ ಹಾಕುವ ಮೊದಲು ಜಿಲ್ಲೆಯ ಸಮಾಜ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಡಾಕ್ಟರ ಬಳಿ ಮಾತು ಶುರು ಮಾಡಲು ಆ ಪತ್ರಕ್ಕಾಗಿ ಕಾಯಬೇಕಿಲ್ಲ.

ಪ್ರಶ್ನೆ ಕಳಿಸಿದ ಯುವಕರಿಗೆ ಈಗ ರೆಫರಲ್ ಚೀಟಿ ಸಿಕ್ಕಿದೆ, ಮುಂದಿನ ತಿಂಗಳು ತಜ್ಞರ ಭೇಟಿ ಇದೆ. ತಾಯಿಯವರು ಮಗಳನ್ನು ಕರೆದುಕೊಂಡು, ಮಾತ್ರೆಯ ಸ್ಟ್ರಿಪ್ಪುಗಳ ಸಮೇತ ಹೋಗಿ ಬಂದರು. ಡಾಕ್ಟರು ಬೈದದ್ದು ಮಾತ್ರೆಗೆ, ಮಗಳಿಗಲ್ಲ ಎಂದು ಫೋನಿನಲ್ಲಿ ಹೇಳಿದರು.

ದೊಡ್ಡ ಆಸ್ಪತ್ರೆಗಳಲ್ಲಿ ಭಾಷೆಯ ತೊಡಕು ಇರುವ ಸದಸ್ಯರು ಒಂದು ವಾರ ಮುಂಚೆ ಸಂಘದ ಕಚೇರಿಗೆ ತಿಳಿಸಿದರೆ, ಎರಡೂ ಭಾಷೆ ಬಲ್ಲ ಒಬ್ಬರನ್ನು ಜೊತೆಗೆ ಕಳಿಸುವ ಏರ್ಪಾಡು ಮಾಡುತ್ತೇವೆ. ಯಾವ ವಿಷಯಕ್ಕೆ ಎಂದು ಹೇಳಬೇಕಾಗಿಲ್ಲ. ಹಾರ್ಮೋನು ತಜ್ಞರ ಬಳಿ ಹೋಗಬೇಕಿದೆ ಎಂದರೆ ಸಾಕು. ಥೈರಾಯ್ಡಿಗೂ ಜನ ಅಲ್ಲಿಗೇ ಹೋಗುತ್ತಾರೆ.